ಕೊಡಗಿನ ಎರಡು ನೀಲಿ ನೊಣಹಿಡುಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಎರಡು ಹಕ್ಕಿಗಳ ವಿಷಯ ಇದು?

ಕಾಫಿ ತೋಟದ ನೆರಳಿನಲ್ಲಿ ಗುಬ್ಬಚ್ಚಿ ಗಾತ್ರದ, ಬೆನ್ನು ನೀಲಿ ಹೊಟ್ಟೆ ಬಿಳಿ ಇರುವ ಹಕ್ಕಿ ಕಂಡರೆ ಅದು ಬಹುಪಾಲು ಈ ಎರಡರಲ್ಲಿ ಒಂದು: ಬಿಳಿಹೊಟ್ಟೆಯ ನೀಲಿ ನೊಣಹಿಡುಕ, ಇಲ್ಲವೇ ಟಿಕೆಲ್‌ನ ನೀಲಿ ನೊಣಹಿಡುಕ. ಎರಡೂ ಸಯಾರ್ನಿಸ್ ಎಂಬ ಒಂದೇ ಕುಲದವು, ಉದ್ದ 14-15 ಸೆಂ.ಮೀ., ವರ್ಷಪೂರ್ತಿ ಇಲ್ಲೇ ಇರುವವು. ಮುಂದೆ ಸುಲಭಕ್ಕೆ ‘ಬಿಳಿಹೊಟ್ಟೆ’, ‘ಟಿಕೆಲ್’ ಎಂದಷ್ಟೇ ಬರೆದಿದ್ದೇವೆ. ಬಿಳಿಹೊಟ್ಟೆ ಎಂಬ ಹೆಸರು ಅಷ್ಟೇನೂ ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಟಿಕೆಲ್‌ನ ಹೊಟ್ಟೆಯೂ ಬಿಳಿಯೇ.

ಗಂಡುಗಳನ್ನು ಬೇರೆ ಮಾಡುವುದು ಹೇಗೆ?

ಎದೆ ನೋಡಿ. ಬೆನ್ನು ನೋಡುತ್ತಾ ಕೂತರೆ ಹಕ್ಕಿ ಹಾರಿಹೋಗುತ್ತದೆ, ಉತ್ತರ ಸಿಗುವುದಿಲ್ಲ. ಟಿಕೆಲ್ ಗಂಡಿನ ಗಂಟಲು ಮತ್ತು ಎದೆ ಕಿತ್ತಳೆ ಬಣ್ಣ. ಆ ಕಿತ್ತಳೆ ಎದೆಯ ಕೆಳಗೆ ಥಟ್ಟನೆ ಮುಗಿದು ಬಿಳಿ ಶುರುವಾಗುತ್ತದೆ. ಎದೆಯವರೆಗೆ ಬಣ್ಣದಲ್ಲಿ ಅದ್ದಿ ತೆಗೆದಂತೆ ಒಂದು ಗೆರೆ ಕಾಣುತ್ತದೆ. ಬಿಳಿಹೊಟ್ಟೆ ಗಂಡಿನಲ್ಲಿ ಕಿತ್ತಳೆ ಎಂಬುದೇ ಇಲ್ಲ. ತಲೆ, ಬೆನ್ನು, ಗಂಟಲು, ಎದೆ ಎಲ್ಲ ಗಾಢ ಇಂಡಿಗೊ ನೀಲಿ, ಕೆಳಗೆ ಬಿಳಿ. ಹಣೆಯ ಮೇಲೆ ಮತ್ತು ಹುಬ್ಬಿನ ಜಾಗದಲ್ಲಿ ನೀಲಿ ತುಸು ಹೊಳೆಯುತ್ತದೆ, ಕೊಕ್ಕಿಗೂ ಕಣ್ಣಿಗೂ ನಡುವೆ ಕಪ್ಪು.

ಹೆಣ್ಣುಗಳಲ್ಲಿ ಗೊಂದಲ ಆಗುತ್ತಲೇ ಇರುತ್ತದೆ. ಯಾಕೆ?

ಬಿಳಿಹೊಟ್ಟೆ ಹೆಣ್ಣು ನೀಲಿಯೇ ಅಲ್ಲ, ಅದಕ್ಕೆ. ಬೆನ್ನು ಕಂದು, ತಲೆ ಬೂದು, ಗಂಟಲು ಮತ್ತು ಎದೆ ಕಿತ್ತಳೆ, ಹೊಟ್ಟೆ ಬಿಳಿ. ಗಂಡಿನ ಚಿತ್ರ ಮಾತ್ರ ತಲೆಯಲ್ಲಿ ಇಟ್ಟುಕೊಂಡು ಹೋದವರು ಕಿತ್ತಳೆ ಎದೆ ಕಂಡ ಕೂಡಲೇ ‘ಟಿಕೆಲ್ ಹೆಣ್ಣು’ ಎಂದು ಬರೆದುಬಿಡುತ್ತಾರೆ. ಹೀಗಾಗಿ ಒಂದೇ ಜೋಡಿಯ ಗಂಡು ಒಂದು ಪ್ರಭೇದದ ಲೆಕ್ಕಕ್ಕೆ, ಹೆಣ್ಣು ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ. ಕೊಡಗಿನ ಪಟ್ಟಿಗಳನ್ನು ಪರಿಶೀಲಿಸುವಾಗ ಮೊದಲು ಹುಡುಕಬೇಕಾದ ತಪ್ಪು ಇದು.

ತೀರ್ಮಾನ ಬಾಲದ್ದು. ಬಿಳಿಹೊಟ್ಟೆ ಹೆಣ್ಣಿನ ಬಾಲ ಕೆಂಗಂದು, ಒಣಗಿದ ಅಡಿಕೆ ಸಿಪ್ಪೆಯನ್ನು ನೆನಪಿಸುವ ಬಣ್ಣ. ಟಿಕೆಲ್ ಹೆಣ್ಣಿನ ಬಾಲ ಮತ್ತು ರೆಕ್ಕೆ ಮಂಕಾದರೂ ನೀಲಿಯೇ, ಬೆನ್ನಿನಲ್ಲೂ ಬೂದು ಬೆರೆತ ನೀಲಿ ಇರುತ್ತದೆ. ಎದೆಯ ಕಿತ್ತಳೆ ಅದರ ಗಂಡಿಗಿಂತ ತೆಳು. ಬಾಲ ಕಾಣದಿದ್ದರೆ ಅದರ ಜತೆ ಇರುವ ಹಕ್ಕಿ ಯಾವುದು ಎಂದು ಒಂದೆರಡು ನಿಮಿಷ ಕಾದು ನೋಡಿ, ಬಿಳಿಹೊಟ್ಟೆ ಸಾಮಾನ್ಯವಾಗಿ ಜೋಡಿಯಾಗಿ ತಿರುಗುತ್ತದೆ. ಜೋಡಿಯೂ ಕಾಣದಿದ್ದರೆ ‘ಸಯಾರ್ನಿಸ್ ಕುಲದ್ದು’ ಎಂದು ಬರೆದು ಬಿಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೈತುಂಬ ಚುಕ್ಕೆ ಇರುವ ಹಕ್ಕಿ ಸಿಕ್ಕಿತು. ಹೊಸದೇ?

ಮರಿ. ಈ ಕುಟುಂಬದ ಮರಿಗಳಿಗೆ ಮೊದಲ ಗರಿಯಲ್ಲಿ ತಿಳಿಕಂದು ಚುಕ್ಕೆಗಳಿರುತ್ತವೆ. ಬಾಲದ ಬಣ್ಣ ನೋಡಿ, ಪಕ್ಕದಲ್ಲಿ ತುತ್ತು ತರುತ್ತಿರುವ ದೊಡ್ಡ ಹಕ್ಕಿಯನ್ನೂ ನೋಡಿ.

ಇವೆರಡೂ ಅಲ್ಲದ ನೀಲಿ ಹಕ್ಕಿಗಳು ಯಾವುವು?

ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ನೀಲಿಗಂಟಲಿನ ನೊಣಹಿಡುಕ ಬರುತ್ತದೆ. ಟಿಕೆಲ್‌ನಂತೆಯೇ ಕಿತ್ತಳೆ ಎದೆ, ಆದರೆ ಗಂಡಿನ ಗಂಟಲು ನೀಲಿ. ಕೆಲವು ಗಂಡುಗಳಲ್ಲಿ ಕಿತ್ತಳೆ ಗಂಟಲ ನಡುವೆ ಮೊನೆಯಂತೆ ಮೇಲೇರುತ್ತದೆ, ಆಗಲೂ ಗಂಟಲಿನ ಎರಡೂ ಬದಿ ನೀಲಿಯಾಗೇ ಉಳಿಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಟಿಕೆಲ್ ಎಂದು ಬರೆಯುವ ಮುನ್ನ ಗಂಟಲನ್ನು ನೋಡಿಯೇ ಬರೆಯಿರಿ. ಮೈಯೆಲ್ಲ ಮಯಿಲುತುತ್ತದ ಬಣ್ಣವಿದ್ದು ಮರದ ತುದಿಯಲ್ಲಿ ಬಿಸಿಲಿಗೆ ಕೂತರೆ ಅದು ವರ್ಡಿಟರ್ ನೊಣಹಿಡುಕ, ಅದೂ ಚಳಿಗಾಲದ ಅತಿಥಿ. ಬ್ರಹ್ಮಗಿರಿಯ ಎತ್ತರದ ಶೋಲಾ (ಹುಲ್ಲುಬೆಟ್ಟಗಳ ನಡುವಿನ ಕಣಿವೆ) ಕಾಡಿನಲ್ಲಿ ನೆಲದ ಮೇಲೆ ಓಡಾಡುವ, ಕಾಲು ಉದ್ದವಿರುವ, ಪಕ್ಕೆಯಲ್ಲಿ ಕೆಂಗಂದು ಇರುವ ನೀಲಿ ಹಕ್ಕಿ ಕಂಡರೆ ನೀಲಗಿರಿ ಶೋಲಕಿಳಿ ಇರಬಹುದು. ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದಂಚಿನಲ್ಲಿರುವ ಪ್ರಭೇದ. ಫೋಟೊ ಇಲ್ಲದಿದ್ದರೂ ಪರವಾಗಿಲ್ಲ, ಎತ್ತರ, ಜಾಗ, ಸಮಯ ಬರೆದಿಡಿ.

ನಮ್ಮ ತೋಟದಲ್ಲಿ ಕಪ್ಪಾಗಿ ಕಾಣುತ್ತದೆ, ಪುಸ್ತಕದಲ್ಲಿ ನೀಲಿ ಇದೆಯಲ್ಲ?

ಗರಿಯ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚೆದುರಿಸುವುದರಿಂದ ಕಾಣುವಂಥದ್ದು. ಬೆಳಕು ಕಡಿಮೆಯಾದರೆ ನೀಲಿಯೂ ಮಂಕಾಗುತ್ತದೆ. ದಟ್ಟ ನೆರಳಿನ ಅರೇಬಿಕಾ ತೋಟದಲ್ಲಿ ಬಿಳಿಹೊಟ್ಟೆ ಗಂಡು ‘ಕಪ್ಪು ತಲೆ, ಬಿಳಿ ಹೊಟ್ಟೆ’ಯ ಹಕ್ಕಿಯಂತೆ ಕಾಣುವುದು ಇದೇ ಕಾರಣಕ್ಕೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಂತೆ ಜಾಗ ಬದಲಿಸಿ, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ನೋಡಿ. ದುರ್ಬೀನು ಕೊಳ್ಳುವುದಿದ್ದರೆ 8x42 ಸಾಕು. 10x ಕೈಯಲ್ಲಿ ಹೆಚ್ಚು ನಡುಗುತ್ತದೆ, ಅದೇ ಗಾತ್ರದ ಮಸೂರದಲ್ಲಿ ನೆರಳಿನ ಬೆಳಕೂ ಕಡಿಮೆ ಸಿಗುತ್ತದೆ.

ದನಿಯಿಂದ ಗುರುತಿಸಬಹುದೇ?

ಟಿಕೆಲ್‌ನದ್ದು ಸುಲಭ. ಆರರಿಂದ ಹತ್ತು ಸ್ವರಗಳ ಚಿಕ್ಕ ಹಾಡು, ಲೋಹದ ಗೆಜ್ಜೆ ಅಲುಗಿಸಿದಂಥ ಇಂಪು. ಹಾಡಿ ನಿಲ್ಲಿಸಿ, ಅದನ್ನೇ ಮತ್ತೆ ಹಾಡುತ್ತದೆ. ಬಿಳಿಹೊಟ್ಟೆಯ ಹಾಡು ಉದ್ದ, ನಿಧಾನ, ಕೀಚುಗುಟ್ಟುವ ತೆಳು ಸ್ವರಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿದ ಹಾಗೆ ಕೇಳುತ್ತದೆ. ತೋಡಿನ (ಸಣ್ಣ ಹಳ್ಳದ) ನೀರಿನ ಸದ್ದಿನಲ್ಲಿ ಅದು ಮುಳುಗಿಹೋಗುವುದುಂಟು. ದನಿ ಗುರುತಿಸುವ ಮೊಬೈಲ್ ಆ್ಯಪ್ ಹೇಳಿದ್ದನ್ನು ಸುಳಿವು ಎಂದುಕೊಳ್ಳಿ. ಅದು ಹೆಸರು ತೋರಿಸಿದ ಮೇಲೆ ಹಕ್ಕಿಯನ್ನು ಕಣ್ಣಾರೆ ನೋಡುವ ಕೆಲಸ ಬಾಕಿ ಇದ್ದೇ ಇರುತ್ತದೆ.

ಕೊಡಗಿನಲ್ಲಿ ಯಾವುದು ಎಲ್ಲಿ ಸಿಗುತ್ತದೆ?

ಮಳೆಯ ನಕ್ಷೆಯನ್ನೇ ಹಕ್ಕಿಯ ನಕ್ಷೆ ಎಂದುಕೊಂಡರೆ ಅಷ್ಟು ತಪ್ಪಾಗದು. ಪಶ್ಚಿಮದ ಒದ್ದೆ ಭಾಗ, ಅಂದರೆ ಭಾಗಮಂಡಲ, ಕಕ್ಕಬ್ಬೆ, ತಲಕಾವೇರಿ ಮತ್ತು ಪುಷ್ಪಗಿರಿಯ ತಪ್ಪಲು, ಇರ್ಪಿನ ಸುತ್ತಮುತ್ತ, ಬಿಳಿಹೊಟ್ಟೆಗೆ ಹೇಳಿ ಮಾಡಿಸಿದ ಜಾಗ. ನಿತ್ಯಹರಿದ್ವರ್ಣ ಕಾಡಿನ ಕೆಳಹಂತ, ಏಲಕ್ಕಿ ಮಲೆ, ತೋಡಿನ ಬದಿಯ ಪೊದೆ, ದಟ್ಟ ನೆರಳಿನ ಕಾಫಿ ಅದಕ್ಕೆ ಬೇಕು. ಸುಮಾರು 1,700 ಮೀಟರ್ ಎತ್ತರದವರೆಗೂ ಇರುತ್ತದೆ. ಪೂರ್ವಕ್ಕೆ ಇಳಿದಂತೆ, ಕುಶಾಲನಗರ, ದುಬಾರೆ, ನಾಗರಹೊಳೆಯ ಎಲೆ ಉದುರುವ ಕಾಡು ಮತ್ತು ಬಿದಿರು ಮೆಳೆಗಳಲ್ಲಿ, ಟಿಕೆಲ್‌ನದೇ ರಾಜ್ಯ. ಅದು ಮನೆಯಂಗಳದ ಗಿಡಗಳಿಗೂ ಬರುತ್ತದೆ. ನಡುವಿನ ತೋಟಗಳಲ್ಲಿ ಎರಡೂ ಸಿಗಬಹುದು. ಅಲ್ಲಿ ಒಂದು ಚಿಕ್ಕ ಲೆಕ್ಕ: ತೋಡಿನ ಕತ್ತಲಲ್ಲಿ, ಆಳೆತ್ತರಕ್ಕಿಂತ ಕೆಳಗೆ ಕದಲದೆ ಕೂತಿದ್ದರೆ ಬಿಳಿಹೊಟ್ಟೆಯ ಸಾಧ್ಯತೆ ಹೆಚ್ಚು. ತೋಟದ ದಾರಿಯ ಅಂಚಿನಲ್ಲಿ, ಬಾಲ ಕುಣಿಸುತ್ತಾ, ಹಾರಿ ಹುಳ ಹಿಡಿದು ಬರುತ್ತಿದ್ದರೆ ಟಿಕೆಲ್‌ನದು. ಸಂಜೆ ಕತ್ತಲಾದ ಮೇಲೂ ಟಿಕೆಲ್ ಬೇಟೆ ನಿಲ್ಲಿಸುವುದಿಲ್ಲ.

ಇದು ಸುಳಿವು ಮಾತ್ರ. ಕೊನೆಯ ಮಾತು ಎದೆ ಮತ್ತು ಬಾಲದ್ದೇ.

ಗೂಡು ಎಲ್ಲಿ, ಯಾವಾಗ?

ಟಿಕೆಲ್ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗೂಡು ಮಾಡುತ್ತದೆ, ಇಡುವುದು ಮೂರರಿಂದ ಐದು ಮೊಟ್ಟೆ. ಬಿಳಿಹೊಟ್ಟೆಯದ್ದು ಫೆಬ್ರುವರಿಯಲ್ಲೇ ಶುರುವಾಗಬಹುದು, ಆದರೆ ಹೆಚ್ಚಿನ ಗೂಡುಗಳು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ನಾವು ಜಿಗಣೆಗೆ ಹೆದರಿ ತೋಡಿನ ಕಡೆ ತಲೆ ಹಾಕದ ತಿಂಗಳುಗಳಲ್ಲೇ ಅದರ ಸಂಸಾರ.

ಎರಡೂ ಮರದ ಟೊಳ್ಳು, ಮೋಟು ಮರ, ಕಲ್ಲಿನ ಸಂದು, ಮಣ್ಣಿನ ಬರೆಯ (ಕಡಿದಾದ ದಿಬ್ಬದ ಬದಿಯ) ಗುಳಿಗಳನ್ನು ಹುಡುಕುತ್ತವೆ. ರಸ್ತೆ ಕಡಿದ ಬರೆಯಲ್ಲಿ, ಪಾಚಿ ಮತ್ತು ಜರಿಗಿಡ ಬೆಳೆದ ಕಡೆ, ಅಂಗೈ ಹಿಡಿಸುವಷ್ಟು ಗುಳಿಯೊಳಗೆ ಹಸಿರು ಪಾಚಿಯ ಬಟ್ಟಲು, ಒಳಗೆ ಎಳೆಬೇರಿನ ಹಾಸು. ಪಾಚಿಯ ಬರೆಯಲ್ಲಿ ಪಾಚಿಯ ಗೂಡು! ಎರಡಡಿ ದೂರದಿಂದ ನೋಡಿದರೂ ಬರೆಯ ಮೇಲಿನ ಒಂದು ಗಂಟು ಎಂದೇ ತೋರುತ್ತದೆ. ಕೆಲಸದವರು ಗೂಡನ್ನು ಬೇಕೆಂದು ಕೆಡವುವುದಿಲ್ಲ, ಅವರಿಗದು ಕಾಣುವುದೇ ಇಲ್ಲ.

ಇವುಗಳ ಸಂರಕ್ಷಣಾ ಸ್ಥಿತಿ ಏನು?

ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಎರಡೂ ‘ಕನಿಷ್ಠ ಕಾಳಜಿ’ಯ ವರ್ಗದಲ್ಲಿವೆ. ಆದರೆ ಎರಡರ ಸ್ಥಿತಿ ಒಂದೇ ಎಂದಲ್ಲ. ಟಿಕೆಲ್ ಶ್ರೀಲಂಕಾದಿಂದ ಭಾರತದ ಬಹುಭಾಗ ದಾಟಿ ಮ್ಯಾನ್ಮಾರ್‌ವರೆಗೆ ಹರಡಿದೆ. ಬಿಳಿಹೊಟ್ಟೆ ಇಡೀ ಜಗತ್ತಿನಲ್ಲಿ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದು ಜಾಗ ಕೆಟ್ಟರೆ ಟಿಕೆಲ್‌ಗೆ ಬೇರೆ ಹತ್ತು ಊರಿದೆ, ಬಿಳಿಹೊಟ್ಟೆಗೆ ಉಳಿದಿರುವುದು ಇದೇ ಬೆಟ್ಟಸಾಲಿನ ಇನ್ನೊಂದು ಕಣಿವೆ.

‘ಕನಿಷ್ಠ ಕಾಳಜಿ’ ಎಂದರೆ ಚಿಂತೆ ಬೇಡ ಎಂದೇ ಅರ್ಥವಲ್ಲವೇ?

ಅಲ್ಲ. ಆ ವರ್ಗದ ಅರ್ಥ ಇಷ್ಟೇ: ಅಪಾಯದ ವರ್ಗಗಳಿಗೆ ಇಟ್ಟಿರುವ ಅಳತೆಗಳನ್ನು ಈ ಪ್ರಭೇದ ಇನ್ನೂ ಮುಟ್ಟಿಲ್ಲ. ‘ದುರ್ಬಲ’ ಎಂಬ ವರ್ಗಕ್ಕೆ ಸೇರಬೇಕಾದರೆ ಹತ್ತು ವರ್ಷ ಅಥವಾ ಮೂರು ತಲೆಮಾರುಗಳಲ್ಲಿ, ಯಾವುದು ಹೆಚ್ಚೋ ಆ ಅವಧಿಯಲ್ಲಿ, ಸಂಖ್ಯೆ ಕನಿಷ್ಠ ಶೇ. 30ರಷ್ಟು ಇಳಿದಿರಬೇಕು. ಇಲ್ಲವೇ ಹರಹು 20,000 ಚದರ ಕಿ.ಮೀ.ಗಿಂತ ಕಡಿಮೆಯಿದ್ದು, ನೆಲೆ ತುಂಡಾಗುತ್ತಾ ಕುಗ್ಗುತ್ತಿರಬೇಕು. ಬೇರೆ ಮಾನದಂಡಗಳೂ ಇವೆ. ಕೊಡಗು ಜಿಲ್ಲೆಯ ವಿಸ್ತೀರ್ಣ ಸುಮಾರು 4,100 ಚದರ ಕಿ.ಮೀ. ನಾಳೆ ಇಲ್ಲಿನ ತೋಡುಗಳಿಂದೆಲ್ಲ ಬಿಳಿಹೊಟ್ಟೆ ಕಾಣೆಯಾದರೂ ಆ ಒಂದೇ ಕಾರಣಕ್ಕೆ ಪಟ್ಟಿಯಲ್ಲಿ ಅದರ ವರ್ಗ ಬದಲಾಗಬೇಕೆಂದಿಲ್ಲ. ಜಾಗತಿಕ ಪಟ್ಟಿ ನಿಮ್ಮ ತೋಟದ ಸ್ಥಿತಿ ಹೇಳಲು ಮಾಡಿದ್ದಲ್ಲ.

ದೇಶದ ಮಟ್ಟದಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಇದೆ. 2023ರ ವರದಿ 942 ಪ್ರಭೇದಗಳನ್ನು ಅಳೆದು 178ನ್ನು ಹೆಚ್ಚಿನ ಆದ್ಯತೆಯವು ಎಂದು ಗುರುತಿಸಿತು. ಅದರ ಬುನಾದಿ ಪಕ್ಷಿವೀಕ್ಷಕರು, ಹಕ್ಕಿಪಟ್ಟಿ ಸೇರಿಸುವ ಅಂತರಜಾಲ ತಾಣವಾದ ಇ-ಬರ್ಡ್‌ಗೆ ಹಾಕಿದ ಪಟ್ಟಿಗಳು. ಹೆಣ್ಣು ಬಿಳಿಹೊಟ್ಟೆಯನ್ನು ಟಿಕೆಲ್ ಎಂದು ಬರೆದರೆ ಆ ತಪ್ಪು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಈಗ ತಿಳಿಯಿತಲ್ಲ.

ಕಾಯ್ದೆಯ ರಕ್ಷಣೆ ಇದೆಯೇ?

ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಜಿಲ್ಲೆಯ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಜೀವಿ ಧಾಮಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳ ಭಾಗ. ಆದರೆ ಈ ಹಕ್ಕಿಗಳು ಧಾಮದ ಗಡಿಕಲ್ಲು ನೋಡಿ ವಾಸ ಮಾಡುವುದಿಲ್ಲ. ಕೊಡಗಿನಲ್ಲಿ ಅವುಗಳ ನೆಲೆಯ ದೊಡ್ಡ ಪಾಲು ಖಾಸಗಿ ತೋಟ, ಬಾಣೆ (ಗದ್ದೆಗೆ ಸೇರಿದ ಮರಗಾಡು) ಮತ್ತು ದೇವರಕಾಡು.

ತೋಟದವರು ಏನು ಮಾಡಬಹುದು?

ಮೊದಲು ತೋಡು. ತೋಡಿನ ಎರಡೂ ಬದಿಯಲ್ಲಿ ಹತ್ತು ಹದಿನೈದು ಅಡಿ ಪೊದೆಯನ್ನು ವೀಡ್ ಕಟ್ಟರ್ ಮುಟ್ಟದಂತೆ ಬಿಡಿ. ಕಾಫಿ ಸಾಲು ಆ ಪಟ್ಟಿಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಹೋದರೂ ನೀರು ನಿಂತು ಗಿಡ ಸೊರಗಿರುತ್ತದೆ, ಹಾಗಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ಪೊದೆ ಎಂದರೆ ಹೊರದೇಶದಿಂದ ಬಂದ ಕಳೆಗಿಡ ಲಂಟಾನಾ ಅಲ್ಲ. ಲಂಟಾನಾ ಇದ್ದರೆ ಒಮ್ಮೆಗೇ ಬೋಳಿಸಬೇಡಿ. ಡಿಸೆಂಬರ್-ಜನವರಿಯಲ್ಲಿ ಒಂದು ಬದಿ ಬೇರುಸಹಿತ ಕೀಳಿಸಿ, ಅಲ್ಲಿ ಸ್ಥಳೀಯ ಗಿಡ ಚಿಗುರಿದ ಮೇಲೆ ಮುಂದಿನ ವರ್ಷ ಇನ್ನೊಂದು ಬದಿ.

ಎರಡನೆಯದು ಬರೆ. ಮಳೆಗಾಲದ ಮುಂಚೆ ಬರೆಯನ್ನು ಗುದ್ದಲಿಯಿಂದ ಕೆರೆದು ‘ನೀಟು’ ಮಾಡಿಸುವ ಅಭ್ಯಾಸ ಹಲವು ಕಡೆ ಇದೆ. ಇದರಿಂದ ಎರಡು ನಷ್ಟ: ಗೂಡಿನ ಜಾಗ ಹೋಗುತ್ತದೆ, ಮಣ್ಣು ಹಿಡಿದಿಟ್ಟ ಬೇರೂ ಪಾಚಿಯೂ ಹೋಗಿ ಜುಲೈ ಮಳೆಗೆ ಬರೆ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ಕಂಡವರಿಗೆ ಬರೆ ಜಾರುವುದು ಎಂದರೇನೆಂದು ವಿವರಿಸಬೇಕಿಲ್ಲ. ಚರಂಡಿಗೆ ಅಡ್ಡ ಬಂದದ್ದನ್ನು ಮಾತ್ರ ಕತ್ತಿಯಲ್ಲಿ ಸವರಿಸಿ, ಬರೆಯ ಮುಖ ಹಾಗೇ ಇರಲಿ.

ಮೂರನೆಯದು ವೇಳೆ. ಆಗಸ್ಟ್-ಸೆಪ್ಟೆಂಬರ್‌ನ ಕಳೆ ಸುತ್ತು ನೇರವಾಗಿ ಬಿಳಿಹೊಟ್ಟೆಯ ಮರಿ ಕಾಲದ ಮೇಲೆ ಬೀಳುತ್ತದೆ. ತೋಟದ ಕೆಲಸ ನಿಲ್ಲಿಸಿ ಎಂದು ಯಾರಿಗೂ ಹೇಳಲಾಗದು. ತೋಡಿನ ಪಕ್ಕದ ಬ್ಲಾಕನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ತೋಟದ ಕೆಲಸದ ಲೆಕ್ಕ ನೋಡುವ ರೈಟರ್‌ಗೆ ಹೇಳಬಹುದು. ಹಕ್ಕಿ ಬಾಯಲ್ಲಿ ಹುಳ ಹಿಡಿದು ನುಂಗದೆ, ಒಂದೇ ಜಾಗದ ಸುತ್ತ ‘ಟಿಕ್ ಟಿಕ್’ ಎನ್ನುತ್ತಿದ್ದರೆ ಹತ್ತಿರದಲ್ಲೇ ಮರಿ ಇದೆ. ಅಲ್ಲಿ ಇಪ್ಪತ್ತು ಅಡಿ ಬಿಟ್ಟು ಮುಂದಕ್ಕೆ ಹೋಗಲಿ, ಮೂರು ವಾರ ಕಳೆದು ಬಂದರೆ ಆಯಿತು.

ಕಳೆನಾಶಕದ ಬಗ್ಗೆ ಒಂದೇ ಮಾತು. ಕಟ್ಟರ್ ಕತ್ತರಿಸಿದ್ದು ಮತ್ತೆ ಚಿಗುರುತ್ತದೆ, ಕಳೆನಾಶಕ ಬಿದ್ದಲ್ಲಿ ಕೆಳಹಂತ ತಿಂಗಳುಗಟ್ಟಲೆ ಬೋಳಾಗಿರುತ್ತದೆ. ಅದರ ಜತೆಗೆ ಹುಳವೂ ಹೋಗುತ್ತದೆ, ಹುಳ ಹೋದ ಕಡೆ ನೊಣಹಿಡುಕಕ್ಕೆ ಕೆಲಸವಿಲ್ಲ. ತೋಡಿನ ಪಟ್ಟಿಗಂತೂ ಹೊಡೆಸಲೇಬೇಡಿ, ಆ ನೀರು ಕೆಳಗಿನ ಮನೆಯವರ ಬಾವಿಗೆ ಹೋಗುತ್ತದೆ.

ನೆರಳು ಮರದಲ್ಲಿ ಸಿಲ್ವರ್ ಓಕ್ ಸಾಲದೇ?

ಕಾಳುಮೆಣಸು ಹಬ್ಬಿಸಲು ಸಾಕು, ಹಕ್ಕಿಗೆ ಸಾಲದು. ಆಸ್ಟ್ರೇಲಿಯಾದಿಂದ ಬಂದ ಈ ಮರ ನೆಟ್ಟಗೆ ಏರುತ್ತದೆ, ಟೊಳ್ಳು ಬೀಳುವಷ್ಟು ವಯಸ್ಸಾಗುವ ಮುನ್ನವೇ ಮಾರಾಟವಾಗುತ್ತದೆ. ಕಡಿಯಲು ಅನುಮತಿಯ ತಾಪತ್ರಯ ಇಲ್ಲ ಎಂಬುದೇ ಅದು ಇಷ್ಟು ಹರಡಲು ಮುಖ್ಯ ಕಾರಣ. ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ, ನಾಡುಮರದ ಮೇಲಿನ ಒಡೆತನದ ನಿಯಮಗಳು ಅಷ್ಟು ಜಟಿಲವಾಗಿವೆ. ಇರುವ ಅತ್ತಿ, ಹಲಸು, ನಂದಿ, ಹೊನ್ನೆ, ಮತ್ತಿಗಳನ್ನು ಉಳಿಸಿಕೊಂಡು ಖಾಲಿ ಬಿದ್ದ ಕಡೆ ಮಾತ್ರ ಸಿಲ್ವರ್ ಓಕ್ ಹಾಕಿದರೆ ನೆರಳೂ ಬೆರಕೆಯಾಗಿ ಉಳಿಯುತ್ತದೆ. ಮರ ಕಪಾತು ಮಾಡುವಾಗ ಸತ್ತ ಮೋಟನ್ನು ನೆಲಸಮ ಮಾಡಬೇಡಿ. ದಾರಿಗೂ ಕೆಲಸದವರ ಲೈನ್‌ಮನೆಗೂ ಬೀಳುವ ಅಪಾಯ ಇಲ್ಲದಿದ್ದರೆ ಆಳೆತ್ತರ ಬಿಟ್ಟು ಕತ್ತರಿಸಿ.

ಗೂಡುಪೆಟ್ಟಿಗೆ ಇಟ್ಟರೆ ಬರುತ್ತವೆಯೇ?

ಗುಬ್ಬಚ್ಚಿಗೆಂದು ಮಾರುವ ದುಂಡು ತೂತಿನ ಪೆಟ್ಟಿಗೆ ಇವಕ್ಕೆ ಹೊಂದುವುದಿಲ್ಲ. ಇವು ಇಷ್ಟಪಡುವುದು ಬಾಯಿ ತೆರೆದ ಗುಳಿ. ಅದೇ ದುಡ್ಡಿನಲ್ಲಿ ಕಲ್ಲುಗೋಡೆಗೆ ಸಿಮೆಂಟು ಮೆತ್ತಿಸದೆ ಅಲ್ಲಲ್ಲಿ ಮುಷ್ಟಿಗಾತ್ರದ ಸಂದು ಬಿಡಿಸಿ.

ಕಾಂಡಕೊರಕ, ಕಾಯಿಕೊರಕ ತಿಂದು ತೋಟ ಉಳಿಸುತ್ತವೆ ಎನ್ನುತ್ತಾರಲ್ಲ?

ಅಷ್ಟು ಹೊಗಳಿಕೆ ಬೇಡ. ಬಿಳಿ ಕಾಂಡಕೊರಕದ ಹುಳು ಕಾಂಡದೊಳಗೆ, ಕಾಯಿಕೊರಕ ಕಾಯಿಯೊಳಗೆ ಇರುತ್ತದೆ. ನೊಣಹಿಡುಕ ಕೊರೆದು ತೆಗೆಯುವ ಹಕ್ಕಿಯಲ್ಲ. ಹಾರುವ, ಎಲೆಯ ಮೇಲೆ ಹರಿಯುವ ಹುಳ ಅದರ ಊಟ. ಕಾಂಡಕೊರಕಕ್ಕೂ ಈ ಹಕ್ಕಿಗೂ ಇರುವ ನಿಜವಾದ ನಂಟು ನೆರಳು: ಬಿಸಿಲು ಬಿದ್ದ ಅರೇಬಿಕಾ ಕಾಂಡದಲ್ಲಿ ಕೊರಕದ ಕಾಟ ಹೆಚ್ಚು, ಒಳ್ಳೆಯ ನೆರಳಿನಲ್ಲಿ ಕಡಿಮೆ. ಅದೇ ನೆರಳು ಬಿಳಿಹೊಟ್ಟೆಗೂ ಬೇಕು.

ಫೋಟೊಗಾಗಿ ಹಾಡು ನುಡಿಸಬಹುದೇ?

ಬೇಡ. ಮೊಬೈಲಿನ ಹಾಡು ಕೇಳಿದ ಗಂಡು ತನ್ನ ಗಡಿಗೆ ಇನ್ನೊಂದು ಗಂಡು ನುಗ್ಗಿತು ಎಂದು ತುತ್ತು ತರುವುದು ಬಿಟ್ಟು ಅದನ್ನು ಹುಡುಕುತ್ತದೆ. ಹೋಂಸ್ಟೇ ಪಕ್ಕದ ಒಂದೇ ಜೋಡಿಗೆ ವಾರವಾರ ಹೊಸ ಅತಿಥಿಗಳು ನುಡಿಸಿದರೆ ಏನಾಗುತ್ತದೆ ಎಂದು ಯೋಚಿಸಿ. ನೀರಿನ ತಟ್ಟೆ ಇಡುವುದು ವಾಸಿ: ಒಂದರಿಂದ ಎರಡು ಇಂಚು ಆಳ, ಒಳಮೈ ಒರಟು, ಪೊದೆಗೆ ಹತ್ತಿರ, ಬೆಕ್ಕು ಅಡಗದ ಜಾಗ, ಎರಡು ದಿನಕ್ಕೊಮ್ಮೆ ನೀರು ಬದಲು. ಜನವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರುವವರೆಗೆ ತೋಡು ಬತ್ತುವ ಕಡೆ ಸಂಜೆ ಐದರ ಮೇಲೆ ಕೂತು ಕಾಯಿರಿ. ಫ್ಲ್ಯಾಶ್ ಬೇಡ, ಐಎಸ್‌ಒ 3200, ಶಟರ್ 1/200ಕ್ಕೆ ಇಟ್ಟು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ.

ಕಿಟಕಿ ಗಾಜಿಗೆ ಬಡಿದು ಬಿದ್ದಿದೆ. ಏನು ಮಾಡಲಿ?

ನೀರು ಕುಡಿಸಬೇಡಿ, ಬಾಯಿಗೆ ಹೋದದ್ದು ಶ್ವಾಸನಾಳಕ್ಕೆ ಇಳಿಯಬಹುದು. ಗಾಳಿತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಸದ್ದಿಲ್ಲದ ಕೋಣೆಯಲ್ಲಿ ಒಂದೆರಡು ಗಂಟೆ ಇಡಿ. ಆಮೇಲೆ ಹೊರಗೆ ತಂದು ಮುಚ್ಚಳ ತೆಗೆದರೆ, ಚೇತರಿಸಿಕೊಂಡಿದ್ದರೆ ತಾನೇ ಹಾರುತ್ತದೆ. ರೆಕ್ಕೆ ಜೋತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಮತ್ತೆ ಬಡಿಯದಂತೆ ಗಾಜಿನ ಹೊರಮೈಗೆ ಎರಡಿಂಚಿಗೊಂದರಂತೆ ಚುಕ್ಕೆ ಅಂಟಿಸಿ. ಗಿಡುಗನ ಒಂದೇ ಚಿತ್ರ ಅಂಟಿಸಿದರೆ ಅದರ ಪಕ್ಕದಲ್ಲೇ ಬಂದು ಬಡಿಯುತ್ತವೆ.

ನೆಲದಲ್ಲಿ ಚುಕ್ಕೆಮೈಯ ಮರಿ ಕೂತಿದ್ದರೆ ಅದು ಬೇರೆ ಮಾತು. ಮೈತುಂಬ ಗರಿ ಬಂದಿದ್ದರೆ ಮನೆಗೆ ತರಬೇಡಿ, ನಾಲ್ಕಡಿ ಎತ್ತರದ ಕಾಫಿ ಕೊಂಬೆಗೆ ಕೂರಿಸಿ ದೂರ ಹೋಗಿ. ತಾಯಿ ಹತ್ತಿರದಲ್ಲೇ ಇರುತ್ತದೆ.

ನಮ್ಮ ದಾಖಲೆ ಉಪಯೋಗಕ್ಕೆ ಬರುವಂತೆ ಬರೆಯುವುದು ಹೇಗೆ?

ಅಪರೂಪದ್ದು ಸಿಕ್ಕ ದಿನ ಮಾತ್ರ ಬರೆಯುವ ಪಟ್ಟಿಯಿಂದ ಏರಿಳಿತ ತಿಳಿಯುವುದಿಲ್ಲ. ಒಂದೇ ದಾರಿ ಆರಿಸಿಕೊಳ್ಳಿ, ತಿಂಗಳಿಗೆ ಎರಡು ಸಲ ಹದಿನೈದು ನಿಮಿಷ ನಡೆಯಿರಿ, ಕಂಡ ಕೇಳಿದ ಎಲ್ಲ ಹಕ್ಕಿಯನ್ನೂ ಎಣಿಸಿ ಇ-ಬರ್ಡ್‌ನಲ್ಲಿ ‘ಪೂರ್ಣ ಪಟ್ಟಿ’ ಎಂದು ಗುರುತು ಹಾಕಿ. ಫೆಬ್ರುವರಿಯ ನಾಲ್ಕು ದಿನಗಳ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಶುರುಮಾಡಲು ಒಳ್ಳೆಯ ನೆಪ, ಆದರೆ ನಿಜಕ್ಕೂ ಬೇಕಿರುವುದು ಜುಲೈ-ಆಗಸ್ಟ್‌ನ ಪಟ್ಟಿಗಳು. ನೀಲಿ ನೊಣಹಿಡುಕ ಕಂಡ ಸಾಲಿನಲ್ಲಿ ಗಂಡೋ ಹೆಣ್ಣೋ, ಎದೆಯ ಬಣ್ಣ, ಬಾಲದ ಬಣ್ಣ, ನೆಲದಿಂದ ಎಷ್ಟು ಅಡಿ ಎತ್ತರ ಎಂದು ನಾಲ್ಕು ಮಾತು ಸೇರಿಸಿ. ಬಾಲ ಕಾಣಲಿಲ್ಲವಾದರೆ ‘ಬಾಲ ಕಾಣಲಿಲ್ಲ’ ಎಂದೂ ಬರೆಯಿರಿ.